ಮಗುವಿನ ವಿಷಯ ಅಮ್ಮನಿಗೇ ಹೇಳಬೇಕು

ಇನ್‌ಕ್ಯುಬೇಟರ್ ಪಕ್ಕದಲ್ಲಿ ಆ ಹುಡುಗಿ ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ವಯಸ್ಸು 17. ಒಳಗೆ ಅವಳ ಗಂಡುಮಗು. 31 ವಾರಕ್ಕೇ ಹುಟ್ಟಿದ್ದು, ತೂಕ 1,300 ಗ್ರಾಂ. ಉಸಿರಾಟ, ಹಾಲು, ಸೋಂಕಿನ ಭಯ ಎಲ್ಲವನ್ನೂ ನಾನು ಬಿಡಿಸಿ ಹೇಳಿದೆ. ಹೇಳಿದ್ದು ಅವಳ ತಾಯಿಗೆ. ನಾನು ಹೊರಡುವಾಗ ಹುಡುಗಿ ಮೆಲ್ಲಗೆ ಕೇಳಿದಳು, "ಮೇಡಂ, ನಾನು ಮುಟ್ಟಬಹುದಾ?"

ಮಗು ಹುಟ್ಟಿ ಆಗಲೇ ಎರಡು ದಿನವಾಗಿತ್ತು. ಕೈ ತೊಳೆದುಕೊಂಡು ಮುಟ್ಟಮ್ಮಾ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಆ ನಾಚಿಕೆ ನನಗೆ ಇನ್ನೂ ಹೋಗಿಲ್ಲ.

37 ವಾರ ತುಂಬುವ ಮೊದಲೇ ಹುಟ್ಟಿದರೆ ದಿನ ತುಂಬದ ಮಗು ಅನ್ನುತ್ತೇವೆ. ಹದಿಹರೆಯದ ತಾಯಂದಿರಲ್ಲಿ ಇದು ಜಾಸ್ತಿ. ಅವರ ಮೈಯೇ ಇನ್ನೂ ಬೆಳೆಯುತ್ತಿರುತ್ತದೆ, ರಕ್ತ ಕಡಿಮೆ ಇರುತ್ತದೆ, ಎಷ್ಟೋ ಸಲ ತಪಾಸಣೆಗೂ ತಡವಾಗಿ ಬಂದಿರುತ್ತಾರೆ. ಆದರೆ ಹುಡುಗಿಯ ತಲೆಯಲ್ಲಿ ಓಡುವುದು ಬೇರೆ. "ನಾನು ಮೆಟ್ಟಿಲು ಹತ್ತಿ ಇಳಿದಿದ್ದಕ್ಕೆ ಹೀಗಾಯ್ತಾ?" ಇಲ್ಲ, ನಿನ್ನಿಂದ ಆಗಿದ್ದಲ್ಲ ಅಂತ ಒಂದು ಸಲ ಹೇಳಿದರೆ ಸಾಲದು. ದಿನಾ ಹೇಳಬೇಕು.

ಹಾಲು ಹಿಂಡುವ ಕೆಲಸವಂತೂ ಈ ವಯಸ್ಸಿನವರಿಗೆ ತುಂಬಾ ಕಷ್ಟ. ಪರದೆ ಇಲ್ಲದ ಕಡೆ ಕೂತು ಹಿಂಡು ಅಂದರೆ 17ರ ಹುಡುಗಿ ಹೇಗೆ ಕೂರುತ್ತಾಳೆ ಹೇಳಿ? ಹೊರಗಿನವರು ಅದನ್ನೇ 'ಆಸಕ್ತಿ ಇಲ್ಲ' ಅಂದುಬಿಡುತ್ತಾರೆ. ಇವಳು ಸಿರಿಂಜ್ ಒಂದನ್ನು ಮುಷ್ಟಿಯಲ್ಲಿ ಮುಚ್ಚಿಟ್ಟುಕೊಂಡು ಬಂದಳು. 2 ಮಿಲಿಲೀಟರ್ ಹಳದಿ ಹಾಲು. "ಇಷ್ಟೇ ಬಂದಿದ್ದು" ಅನ್ನುವಾಗ ಕಣ್ಣು ತುಂಬಿತ್ತು. ಅಷ್ಟು ಸಣ್ಣ ಮಗುವಿಗೆ ಶುರುವಿನಲ್ಲಿ ಒಂದು ಹೊತ್ತಿಗೆ ಅಷ್ಟೇ ಸಾಕು. ಅವಳ ಕಣ್ಣೆದುರೇ ಅದನ್ನು ಮಗುವಿನ ಹೊಟ್ಟೆಗೆ ಹೋಗುವ ಟ್ಯೂಬ್‌ನಲ್ಲಿ ಹಾಕಿದೆವು. ಚೀಪಿ, ನುಂಗಿ, ಉಸಿರಾಡುವುದನ್ನು ಒಟ್ಟಿಗೆ ಮಾಡಲು ಮಗುವಿಗೆ ಗರ್ಭದ ಲೆಕ್ಕದಲ್ಲಿ 34 ವಾರದ ಹತ್ತಿರ ಆಗಬೇಕು, ಅಲ್ಲಿಯವರೆಗೆ ಟ್ಯೂಬೇ ಗತಿ. ದಿನಕ್ಕೆ ಎಂಟು ಸಲ ಹಿಂಡುತ್ತಾ ಹೋದರೆ ಹಾಲು ಏರುತ್ತದೆ. ರಾತ್ರಿಯೂ ಏಳಬೇಕು. ಆದ್ದರಿಂದ ಅವಳ ಊಟ, ನಿದ್ದೆ, ಕಬ್ಬಿಣದ ಮಾತ್ರೆಯನ್ನೂ ಯಾರಾದರೂ ನೋಡಿಕೊಳ್ಳಬೇಕು, ಅಲ್ವಾ?

ಆಮೇಲೆ ಕಾಂಗರೂ ಆರೈಕೆ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್‌ಗಳು ಸಾಲದಿದ್ದಾಗ ಡಾ. ಎಡ್ಗರ್ ರೇ ಶುರು ಮಾಡಿದ ಕ್ರಮ ಇದು. ಬರೀ ಡಯಾಪರ್, ಟೋಪಿ ಹಾಕಿದ ಮಗುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟುವುದು. ದಿನಕ್ಕೆ 8ರಿಂದ 24 ಗಂಟೆ, ಹುಟ್ಟಿದ ಕೂಡಲೇ ಶುರು ಮಾಡಿ ಅನ್ನುವುದು 2022ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮಗುವಿನ ಮೈ ಬೆಚ್ಚಗಿರುತ್ತದೆ, ಸೋಂಕು ಕಡಿಮೆ, ಹಾಲೂ ಹೆಚ್ಚುತ್ತದೆ. ನಾನು ಕಣ್ಣಾರೆ ಕಂಡಿದ್ದು ಇನ್ನೊಂದಿದೆ. ಮೊದಲ ದಿನ ಇವಳು ಮಾನಿಟರ್‌ನ ಅಂಕಿಯನ್ನೇ ನೋಡುತ್ತಾ ಮರದ ಹಾಗೆ ಕೂತಿದ್ದಳು. ನಾಲ್ಕನೇ ದಿನ ಅಲಾರಾಂ ಹೊಡೆದಾಗ ಮೊದಲು ಮಗುವಿನ ಮುಖ ನೋಡಿದಳು.

ಮನೆಗೆ ಹೋದ ಮೇಲೆ ಬೇರೆ ಮಾತು ಶುರುವಾಗುತ್ತದೆ. "ಇನ್ನೂ ಕುತ್ತಿಗೆ ನಿಂತಿಲ್ವಾ?" ಎರಡು ತಿಂಗಳು ಮೊದಲೇ ಹುಟ್ಟಿದ ಮಗುವಿಗೆ ಆರು ತಿಂಗಳಾದಾಗ, ಬೆಳವಣಿಗೆ ಅಳೆಯಲು ನಾಲ್ಕು ತಿಂಗಳು ಅಂತಲೇ ಲೆಕ್ಕ. ಎರಡು ವರ್ಷದವರೆಗೂ ಹೀಗೇ ಎಣಿಸಬೇಕು. ಲಸಿಕೆಗೆ ಮಾತ್ರ ಹುಟ್ಟಿದ ದಿನದ ಲೆಕ್ಕ. ಕಣ್ಣಿನ ತಪಾಸಣೆ ತಪ್ಪಿಸಲೇಬಾರದು. ಹುಡುಗಿ ಮಾತು ಬಿಟ್ಟು ಮಂಕಾಗಿದ್ದರೆ ಅದನ್ನೂ ಸುಮ್ನೆ ಬಿಡಬೇಡಿ. ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ.

ಡಿಸ್ಚಾರ್ಜ್ ದಿನ ಯಾವಾಗ ಓಡಿ ಬರಬೇಕು ಅಂತ ಕೇಳಿದೆ. ಅವಳ ತಾಯಿ ಬಾಯಿ ತೆರೆದವರು ಮಗಳನ್ನು ನೋಡಿ ನಿಲ್ಲಿಸಿದರು. ಹುಡುಗಿ ಬೆರಳು ಮಡಿಸುತ್ತಾ ಹೇಳಿದಳು. "ಹಾಲು ಬಿಟ್ಟರೆ. ಪಾದ ತಣ್ಣಗಾದರೆ. ಉಸಿರಿಗೆ ಎದೆ ಒಳಗೆ ಎಳೆದುಕೊಂಡರೆ." ಆಮೇಲೆ ನಾನು ಕೇಳದಿದ್ದರೂ ಇನ್ನೊಂದು ಸೇರಿಸಿದಳು, "ಹಸಿವಾದರೆ ಇವನು ಮೊದಲು ಎಡಗೈ ಬಾಯಿಗೆ ತರುತ್ತಾನೆ ಮೇಡಂ. ಅಳೋದು ಆಮೇಲೆ."