ಆಗಸ್ಟ್ 15ರ ರಕ್ತ ಅಕ್ಟೋಬರಿಗೆ ಉಳಿಯದು

ಮುಂಬಯಿಯ ಕನ್ನಡ ಸಂಘಗಳಿಗೆ ರಕ್ತದಾನ ಶಿಬಿರ ಹೊಸದಲ್ಲ. ತೊಡಕಿರುವುದು ದಿನಾಂಕದಲ್ಲಿ. ಮುಲುಂಡ್, ಠಾಣೆ, ಡೊಂಬಿವಲಿ, ಎಲ್ಲರಿಗೂ ಆಗಸ್ಟ್ 15 ಇಲ್ಲವೇ ಜನವರಿ 26 ಬೇಕು. ಕೆಂಪುಕಣ ಸಾಮಾನ್ಯ ಚೀಲದಲ್ಲಿ 35 ದಿನ, ಪೋಷಕ ದ್ರಾವಣ ಸೇರಿಸಿದರೆ 42 ದಿನ ಇರುತ್ತದೆ. ಪ್ಲೇಟ್‌ಲೆಟ್ ಬರೀ 5 ದಿನ. ಒಮ್ಮೆ ಕೊಟ್ಟ ಗಂಡಸರು 90 ದಿನ, ಹೆಂಗಸರು 120 ದಿನ ಕಾಯಬೇಕು. ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಆ ರಕ್ತ ಖಾಲಿ. ಕೊಟ್ಟ ಗಂಡಸರು ನವೆಂಬರ್ ನಡುವಿನ ತನಕ, ಹೆಂಗಸರು ಡಿಸೆಂಬರ್ ನಡುವಿನ ತನಕ ಮತ್ತೆ ಸಿಗುವುದಿಲ್ಲ. ಮೇ ತಿಂಗಳಲ್ಲಂತೂ ಮಕ್ಕಳಿಗೆ ರಜೆ, ಅರ್ಧ ಸಂಘ ಊರಿನಲ್ಲಿ.

ಇದಕ್ಕಾಗಿ ಸಂಘಗಳು ಒಂದಾಗಬೇಕಿಲ್ಲ, ಕ್ಯಾಲೆಂಡರ್ ಒಂದಾದರೆ ಸಾಕು. ಐದು ಸಂಘಗಳು ಸೇರಿದರೆ ಶಿಬಿರಗಳ ನಡುವೆ ಐದೈದು ವಾರ ಬಿಡಿ. ಏಪ್ರಿಲ್ ಕೊನೆಯ ಶಿಬಿರವನ್ನು ಮೊದಲು ಗೊತ್ತುಮಾಡಿ, ಜನ ಊರಿಗೆ ಹೊರಡುವ ಮುಂಚೆ. ಪ್ರತಿ ಸಂಘದಿಂದ ಒಬ್ಬ ಹೊಣೆಗಾರ, ಜೊತೆಗೊಬ್ಬ ಬದಲಿ. ಬದಲಿ ಬೇಕೇ ಬೇಕು: ಮಹಾಸಭೆಯಲ್ಲಿ ಪದಾಧಿಕಾರಿಗಳು ಬದಲಾದಾಗ ದಾನಿಗಳ ಪಟ್ಟಿ ಹಳೆಯ ಕಾರ್ಯದರ್ಶಿಯ ಮೊಬೈಲಿನಲ್ಲೇ ಉಳಿದುಬಿಡುತ್ತದೆ. ಹೆಸರು, ಫೋನ್ ನಂಬರು ಆಯಾ ಸಂಘದಲ್ಲೇ ಇರಲಿ. ಎಲ್ಲರೂ ನೋಡುವ ಹಾಳೆಯಲ್ಲಿ ರಕ್ತದ ಗುಂಪು, ಕೊನೆಯ ಬಾರಿ ಕೊಟ್ಟ ದಿನಾಂಕ, ಹತ್ತಿರದ ಸ್ಟೇಷನ್, ಇಷ್ಟೇ. ತಮ್ಮ ದಾನಿಗಳನ್ನು ಇನ್ನೊಬ್ಬರು ಸೆಳೆದುಕೊಳ್ಳುತ್ತಾರೆಂಬ ಅಂಜಿಕೆ ಇದರಿಂದ ಬಹುಪಾಲು ಹೋಗುತ್ತದೆ. ಬ್ಯಾನರಿನ ಮಾತನ್ನೂ ಮೊದಲೇ ಮುಗಿಸಿ. ಆತಿಥೇಯ ಸಂಘದ ಹೆಸರು ಮೇಲೆ, ಉಳಿದವರದು ಒಂದೇ ಅಳತೆಯಲ್ಲಿ, ಅಕಾರಾದಿಯಾಗಿ. ಸಣ್ಣ ವಿಷಯವೆಂದು ಬಿಟ್ಟರೆ ಮುಂದಿನ ವರ್ಷ ಎರಡು ಸಂಘ ಬರುವುದಿಲ್ಲ.

ರಕ್ತ ತೆಗೆಯುವವರು ಲೈಸೆನ್ಸ್ ಇರುವ ರಕ್ತ ಕೇಂದ್ರದವರೇ ಆಗಿರಬೇಕು. ಒಬ್ಬೊಬ್ಬರಿಗೆ ಮಂಚದ ಮೇಲೆ ಸುಮಾರು 10 ನಿಮಿಷ, ಏಳಿಸಿ ಕೂರಿಸುವುದು ಸೇರಿ ಕಾಲು ಗಂಟೆ. ನಾಲ್ಕು ಮಂಚವಿದ್ದರೆ ಗಂಟೆಗೆ 16 ಮಂದಿ, 60 ಮಂದಿಗೆ ನಾಲ್ಕು ಗಂಟೆ. ಎಲ್ಲರನ್ನೂ ಬೆಳಿಗ್ಗೆ ಹತ್ತಕ್ಕೇ ಕರೆದರೆ ಹನ್ನೊಂದೂವರೆಗೆ ಜನ ಎದ್ದು ಹೋಗುತ್ತಾರೆ, ಗಂಟೆಗೊಂದು ತಂಡವಾಗಿ ಕರೆಯಿರಿ. ತೂಕ ಕನಿಷ್ಠ 45 ಕಿಲೋ, ಹಿಮೋಗ್ಲೋಬಿನ್ ಕನಿಷ್ಠ 12.5 ಇರಬೇಕೆಂದು, ತಿಂಡಿ ತಿಂದೇ ಬರಬೇಕೆಂದು ಹಿಂದಿನ ದಿನವೇ ತಿಳಿಸಿ. ಭಾನುವಾರವಾದರೆ ಮೆಗಾಬ್ಲಾಕ್ (ಹಳಿ ದುರಸ್ತಿಗಾಗಿ ಲೋಕಲ್ ರೈಲು ನಿಲ್ಲಿಸುವುದು) ಯಾವ ಲೈನಿನಲ್ಲಿದೆಯೆಂದು ನೋಡಿಕೊಂಡೇ ಸಮಯ ಹಾಕಿ.

ತುರ್ತು ಕರೆ ಬಂದಾಗ ವಾಟ್ಸಾಪಿನಲ್ಲಿ ಹೀಗೆ ಬರೆಯಿರಿ: ‘ಬಿ ನೆಗೆಟಿವ್, 2 ಯೂನಿಟ್, ಆಸ್ಪತ್ರೆ, ವಾರ್ಡ್, ಇಂದು ಸಂಜೆ 6ರೊಳಗೆ’, ಕೆಳಗೆ ದಿನಾಂಕ, ಹೊಣೆಗಾರರ ನಂಬರು. ರಕ್ತ ಸಿಕ್ಕ ಕೂಡಲೇ ಅವರೇ ‘ಸಿಕ್ಕಿತು, ಇನ್ನು ಕಳಿಸಬೇಡಿ’ ಎಂದು ಅದೇ ಗುಂಪುಗಳಲ್ಲಿ ಹಾಕಬೇಕು. ಹಾಕದಿದ್ದರೆ ಮೂರನೆಯ ದಿನವೂ ಕಲ್ಯಾಣದಿಂದ ಯಾರೋ ರಜೆ ಹಾಕಿ ಪರೇಲಿನ ಆಸ್ಪತ್ರೆಗೆ ಬಂದು, ಬೇಡವೆಂದು ಕೇಳಿ ವಾಪಸು ಲೋಕಲ್ ಹತ್ತುತ್ತಾರೆ.