ಸಾಕ್ಷಿ ಕೈ ತೋರಿಸಿದ, ಹಾಳೆಯಲ್ಲಿ ಏನು ಬಂತು?

ನನ್ನ ಜೂನಿಯರ್ ವಕೀಲನೊಬ್ಬ ಮೊದಲ ಸಲ ಪಾಟೀಸವಾಲು (ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವುದು) ಮಾಡಿದ ದಿನ ಹಿಗ್ಗಿಕೊಂಡು ಚೇಂಬರಿಗೆ ಬಂದ. "ಸಾರ್, ಸಾಕ್ಷಿ ಪೂರ್ತಿ ಸಿಕ್ಕಿಬಿದ್ದ" ಎಂದ. ರಾತ್ರಿ ನಡೆದ ಹೊಡೆದಾಟದ ಕೇಸು. ಎಷ್ಟು ದೂರದಲ್ಲಿ ನಿಂತಿದ್ದಿರಿ ಎಂದು ಕೇಳಿದ್ದಕ್ಕೆ, ಕಟಕಟೆಯಲ್ಲಿದ್ದವನು ಕೋರ್ಟ್ ಹಾಲಿನ ಹಿಂಬಾಗಿಲ ಕಡೆ ಕೈ ತೋರಿಸಿ "ಅಷ್ಟು ದೂರ" ಅಂದಿದ್ದನಂತೆ. ಅಷ್ಟು ದೂರದಿಂದ, ಕತ್ತಲಲ್ಲಿ, ಯಾರು ಯಾರಿಗೆ ಹೊಡೆದರು ಅಂತ ಹೇಗೆ ಕಾಣುತ್ತೆ? ಹುಡುಗನಿಗೆ ಅಷ್ಟು ಸಾಕಾಯಿತು. ಮುಂದಿನ ಪ್ರಶ್ನೆಗೆ ಹೋಗಿಬಿಟ್ಟ.

ಆಮೇಲೆ ಕೋರ್ಟಿನಲ್ಲಿ ದಾಖಲಾದ ಸಾಕ್ಷ್ಯದ ನಕಲು ತೆಗೆಸಿ ಓದಿದೆವು. "ನಾನು ಸ್ವಲ್ಪ ದೂರದಲ್ಲಿ ನಿಂತು ಗಲಾಟೆಯನ್ನು ನೋಡಿದೆನು." ಅಷ್ಟೇ. ಕೈಯೂ ಇಲ್ಲ, ಬಾಗಿಲೂ ಇಲ್ಲ.

ಬೆರಳಚ್ಚುಗಾರರನ್ನು ಬೈದು ಪ್ರಯೋಜನವಿಲ್ಲ. ಕೈಯನ್ನು ಅವರು ಹೇಗೆ ಟೈಪ್ ಮಾಡುತ್ತಾರೆ? "ಅಂದರೆ ಸುಮಾರು 40 ಅಡಿ ದೂರ ಎಂದರೆ ಸರಿಯೇ?" ಎಂದು ಹುಡುಗ ಇನ್ನೊಂದು ಪ್ರಶ್ನೆ ಕೇಳಬೇಕಿತ್ತು. ನಿಜ ಹೇಳಬೇಕೆಂದರೆ ತಪ್ಪು ನನ್ನದೇ ಜಾಸ್ತಿ. ಏನು ಕೇಳಬೇಕು ಎಂದು ಹೇಳಿಕೊಟ್ಟಿದ್ದೆ. ಕೇಳಿದ್ದು ಕಾಗದಕ್ಕೆ ಹೇಗೆ ಇಳಿಯುತ್ತದೆ ಎಂದು ಹೇಳಿಕೊಟ್ಟಿರಲಿಲ್ಲ.

ನಮ್ಮ ಕೋರ್ಟುಗಳಲ್ಲಿ ಸಾಕ್ಷ್ಯವನ್ನು ಸಾಮಾನ್ಯವಾಗಿ ಪ್ರಶ್ನೋತ್ತರವಾಗಿ ಬರೆಯುವುದಿಲ್ಲ. ಸಾಕ್ಷಿಯೇ ಕಥೆ ಹೇಳಿದ ಹಾಗೆ, "ನಾನು ಹೋದೆನು, ನೋಡಿದೆನು" ಅಂತ ಬರೆಯುತ್ತಾರೆ. ಸೆಷನ್ಸ್ ಕೇಸುಗಳಿಗೆ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 311ನೇ ಕಲಂ ಹೇಳುವುದೂ ಇದನ್ನೇ. ಬೇಕೆನಿಸಿದರೆ ಯಾವುದಾದರೂ ಭಾಗವನ್ನು ಪ್ರಶ್ನೆ ಮತ್ತು ಉತ್ತರವಾಗಿಯೇ ದಾಖಲಿಸುವ ಅಧಿಕಾರ ನ್ಯಾಯಾಧೀಶರಿಗಿದೆ. ಸಿವಿಲ್ ದಾವೆಯಲ್ಲೂ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 18 ನಿಯಮ 10ರ ಕೆಳಗೆ ಹಾಗೆ ಕೇಳಿಕೊಳ್ಳಬಹುದು. ಜೂನಿಯರ್‌ಗಳಲ್ಲಿ ಎಷ್ಟೋ ಜನ ಇದನ್ನು ಬಾಯಿಬಿಟ್ಟು ಕೇಳಿರುವುದೇ ಇಲ್ಲ. ಭಯ. ಆದರೆ "ಸ್ವಾಮಿ, ಈ ಪ್ರಶ್ನೆ ಉತ್ತರ ಹಾಗೇ ಬರಲಿ" ಎಂದು ವಿನಯದಿಂದ ಕೇಳಿದ್ದಕ್ಕೆ ನನಗೆ ಯಾರೂ ಗದರಿದ್ದಿಲ್ಲ.

ಆ ಕೇಸಾದ ಮೇಲೆ ನಮ್ಮ ಚೇಂಬರಿನಲ್ಲಿ ಒಂದು ಆಟ ಶುರುವಾಯಿತು. ಶನಿವಾರ ಸಂಜೆ ನಾನು ಸಾಕ್ಷಿ. ಒಬ್ಬರು ಪಾಟೀಸವಾಲು ಮಾಡುತ್ತಾರೆ. ಇಂಟರ್ನ್‌ಶಿಪ್‌ಗೆ ಬಂದ ವಿದ್ಯಾರ್ಥಿ ಲ್ಯಾಪ್‌ಟಾಪ್ ಹಿಡಿದು ಸಾಕ್ಷಿ ಹೇಳಿಕೆಯನ್ನು ಮಾತ್ರ ಟೈಪ್ ಮಾಡುತ್ತಾನೆ. ಮುಗಿದ ಮೇಲೆ ಯಾರೂ ಏನೂ ಮಾತಾಡುವ ಹಾಗಿಲ್ಲ. ಹಾಳೆ ಓದಬೇಕು, ಅಷ್ಟೇ. ಮೇಲ್ಮನವಿ ಕೇಳುವ ಕೋರ್ಟಿನ ಮುಂದೆ ಇರುವುದು ಆ ಹಾಳೆ ಒಂದೇ ಅಲ್ವಾ?

ಮೊದಲ ವಾರವೇ ಒಬ್ಬಳು ಕೇಳಿದಳು: "ಆಗ ಲೈಟ್ ಇರಲಿಲ್ಲ ಅಲ್ವಾ?" ನಾನು "ಹೌದು" ಅಂದೆ. ಲೈಟ್ ಇತ್ತು ಎಂದೋ, ಇರಲಿಲ್ಲ ಎಂದೋ? ಟೈಪ್ ಮಾಡುತ್ತಿದ್ದ ಹುಡುಗ ತಲೆ ಕೆರೆದುಕೊಂಡ. ಕನ್ನಡದಲ್ಲಿ "ಇಲ್ಲ ಅಲ್ವಾ" ಎಂದು ಕೇಳಿದರೆ ಹೌದಿಗೂ ಎರಡು ಅರ್ಥ, ಇಲ್ಲಕ್ಕೂ ಎರಡು ಅರ್ಥ. ಮನೆಯಲ್ಲಿ ನಡೆಯುತ್ತೆ, ಕಟಕಟೆ ಮುಂದೆ ನಡೆಯಲ್ಲ. "ಬೀದಿದೀಪ ಆರಿತ್ತು ಎಂದರೆ ಸರಿಯೇ?" ಎಂದು ಕೇಳಿದರೆ "ಬೀದಿದೀಪ ಆರಿತ್ತು ಎಂದರೆ ಸರಿ" ಎಂದೇ ಬರುತ್ತದೆ. ಗೊಂದಲವಿಲ್ಲ.

ಇನ್ನೊಂದು ರೋಗ, ಮೂರು ವಿಷಯ ಸೇರಿಸಿ ಒಂದೇ ಏಟಿಗೆ ಹೊಡೆಯುವುದು. "ನೀವು ಸ್ಥಳದಲ್ಲೇ ಇರಲಿಲ್ಲ, ಏನೂ ನೋಡಿಲ್ಲ, ಪೊಲೀಸರು ಹೇಳಿಕೊಟ್ಟ ಹಾಗೆ ಹೇಳುತ್ತಿದ್ದೀರಿ ಎಂದರೆ?" ಉತ್ತರ ಒಂದೇ ಪದ: "ಸರಿಯಲ್ಲ." ಮೂರೂ ಹೋಯಿತು. ಕೊನೆಗೆ "ನೀವು ಸುಳ್ಳು ಸಾಕ್ಷಿ ಹೇಳುತ್ತಿದ್ದೀರಿ" ಎನ್ನುವ ಪ್ರಶ್ನೆ ಇದ್ದೇ ಇರುತ್ತದೆ. ಅದಕ್ಕೆ "ಸರಿ" ಅಂದ ಸಾಕ್ಷಿಯನ್ನು ನಾನಂತೂ ನೋಡಿಲ್ಲ. ನಮ್ಮ ಪಕ್ಷದ ವಾದವನ್ನು ಸಾಕ್ಷಿಯ ಮುಂದೆ ಇಡಬೇಕು, ನಿಜ. ಆದರೆ ಅದೊಂದನ್ನೇ ಇಟ್ಟು ಕುಳಿತರೆ ಪಾಟೀಸವಾಲು ಆಗುವುದಿಲ್ಲ.

ಮುಖ್ಯ ವಿಚಾರಣೆ, ಅಂದರೆ ನಮ್ಮದೇ ಸಾಕ್ಷಿಯನ್ನು ನಾವೇ ಮೊದಲು ಪ್ರಶ್ನಿಸುವುದು, ಅದನ್ನು ಕಲಿಯುವ ಅವಕಾಶವಂತೂ ಕಡಿಮೆ ಆಗಿಬಿಟ್ಟಿದೆ. 2002ರ ಜುಲೈ 1ರಿಂದ ಸಿವಿಲ್ ದಾವೆಗಳಲ್ಲಿ ಮುಖ್ಯ ವಿಚಾರಣೆ ಲಿಖಿತ ಪ್ರಮಾಣಪತ್ರದಲ್ಲೇ (ಅಫಿಡವಿಟ್) ಬರುತ್ತದೆ. ಹಾಗಾಗಿ ಉತ್ತರ ಸೂಚಿಸದೆ ಪ್ರಶ್ನೆ ಕೇಳುವುದು ಹೇಗೆ ಎಂದು ನೋಡಬೇಕಾದರೆ ಕ್ರಿಮಿನಲ್ ಕೋರ್ಟಿನಲ್ಲಿ ಕುಳಿತು ಒಳ್ಳೆಯ ಸರ್ಕಾರಿ ಅಭಿಯೋಜಕರನ್ನು ಗಮನಿಸಬೇಕು. ಕಾನೂನು ವಿದ್ಯಾರ್ಥಿಗಳು ಒಂದು ಸಿವಿಲ್, ಒಂದು ಕ್ರಿಮಿನಲ್ ವಿಚಾರಣೆ ನೋಡಿ ಡೈರಿ ಬರೆಯಬೇಕು ಎಂದು ಪಠ್ಯದಲ್ಲೇ ಇದೆ. ಹೆಚ್ಚಿನ ಡೈರಿಗಳು ಹಿಂದಿನ ವರ್ಷದವರ ನಕಲು. ಕೋರ್ಟ್ ಹಾಲಿನ ಅಳತೆ, ಯಾರು ಎಲ್ಲಿ ಕೂರುತ್ತಾರೆ, ಇಷ್ಟೇ. ನಾನು ಅವರಿಗೆ ಹೇಳುವುದು ಒಂದೇ: ಹತ್ತು ಕೋರ್ಟ್ ಸುತ್ತಬೇಡಿ, ಒಬ್ಬ ಸಾಕ್ಷಿ ಹತ್ತಿ ಇಳಿಯುವವರೆಗೆ ಒಂದೇ ಕಡೆ ಕೂತಿರಿ.

ಬರೀ ವಾಯ್ದೆ (ಕೇಸು ಮುಂದೂಡಿ ಬೇರೆ ದಿನ) ಕೇಳಲು ಕಳಿಸುವ ಸೀನಿಯರ್‌ಗಳ ಬಗ್ಗೆ ದೂರು ಇದ್ದದ್ದೇ. ವಾಯ್ದೆ ಕೇಳುವುದೂ ಕಲಿಕೆಯೇ, ಆದರೆ ಫೈಲ್ ಕೊಟ್ಟು ಕಳಿಸಿದರೆ ಮಾತ್ರ. ಫೈಲ್ ಓದದ ಹುಡುಗನಿಗೆ ನ್ಯಾಯಾಧೀಶರು "ಏನು ಹಂತದಲ್ಲಿದೆ?" ಎಂದು ಕೇಳಿದರೆ ಅವನು ಬೆಂಚ್ ಕ್ಲರ್ಕ್ ಮುಖ ನೋಡುತ್ತಾನೆ. ಕೈಗೆ ಒಂದಿಷ್ಟು ದುಡ್ಡನ್ನೂ ಕೊಡಬೇಕು. ತಿಂಗಳಿಗೆ ನಗರಗಳಲ್ಲಿ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಎಂದು ಬಾರ್ ಕೌನ್ಸಿಲ್ 2024ರಲ್ಲಿ ಶಿಫಾರಸು ಮಾಡಿದೆ. ಶಿಫಾರಸು, ಕಡ್ಡಾಯವಲ್ಲ. ಬಸ್ ಪಾಸಿಗೆ ಒದ್ದಾಡುವವನ ಹತ್ತಿರ ಸಂಜೆ ಕೂತು ಸಾಕ್ಷ್ಯ ಓದು ಅನ್ನೋಕೆ ನನಗಂತೂ ಬಾಯಿ ಬರುವುದಿಲ್ಲ.

ಜೂನಿಯರ್‌ಗಳು ಜಾಸ್ತಿ ಎಡವುವ ಜಾಗ ಇನ್ನೊಂದಿದೆ. ಪೊಲೀಸರ ಮುಂದೆ ಹೇಳಿದ್ದಕ್ಕೂ ಕೋರ್ಟಿನಲ್ಲಿ ಹೇಳಿದ್ದಕ್ಕೂ ವ್ಯತ್ಯಾಸ ಸಿಕ್ಕಿತು ಎನ್ನಿ. ಇದಕ್ಕೆ ದಾರಿ ಹೇಳುವುದು ಸಾಕ್ಷ್ಯ ಕಾಯ್ದೆಯ ಹಳೇ 145ನೇ ಕಲಂ, 2024ರ ಜುಲೈ 1ರಿಂದ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 148. ಆ ನಿರ್ದಿಷ್ಟ ಸಾಲನ್ನು ಸಾಕ್ಷಿಗೆ ತೋರಿಸಿ ಕೇಳಬೇಕು. ಒಪ್ಪಿದರೆ ಅಲ್ಲಿಗೆ ಮುಗಿಯಿತು. "ನಾನು ಹಾಗೆ ಹೇಳಿಲ್ಲ" ಎಂದರೆ ಆ ಸಾಲನ್ನು ಕೋರ್ಟ್ ದಾಖಲೆಯಲ್ಲಿ ಗುರುತು ಮಾಡಿಸಬೇಕು, ಆಮೇಲೆ ತನಿಖಾಧಿಕಾರಿ ಸಾಕ್ಷಿಗೆ ಬಂದಾಗ "ಈ ಸಾಕ್ಷಿ ನಿಮ್ಮ ಮುಂದೆ ಹೀಗೆ ಹೇಳಿದ್ದರು ಎಂದರೆ ಸರಿಯೇ?" ಎಂದು ಕೇಳಿ ಸಾಬೀತು ಮಾಡಬೇಕು. ತಹಸೀಲ್ದಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1959ರಲ್ಲೇ ಈ ದಾರಿ ಬಿಡಿಸಿ ಹೇಳಿದೆ. ಮೊದಲ ಅರ್ಧವನ್ನು ಎಲ್ಲರೂ ಮಾಡುತ್ತಾರೆ. ತನಿಖಾಧಿಕಾರಿ ಬರುವುದು ಎಷ್ಟೋ ತಿಂಗಳ ನಂತರ. ಅಷ್ಟರಲ್ಲಿ ಜೂನಿಯರ್ ಬದಲಾಗಿರುತ್ತಾನೆ, ಇಲ್ಲವೇ ಮರೆತಿರುತ್ತಾನೆ. ಎರಡನೇ ಅರ್ಧ ಬರದೆ ಮೊದಲರ್ಧದ ಶ್ರಮವೆಲ್ಲ ನೀರಿಗೆ.

ಅದಕ್ಕೇ ಈಗ ನಮ್ಮ ಫೈಲುಗಳಲ್ಲಿ, ಸಾಕ್ಷಿ ಪಟ್ಟಿಯ ತನಿಖಾಧಿಕಾರಿಯ ಹೆಸರಿನ ಪಕ್ಕ, ಒಂದು ಹಳದಿ ಚೀಟಿ ಅಂಟಿರುತ್ತದೆ. ಯಾವ ಸಾಕ್ಷಿ, ಯಾವ ಸಾಲು, ಏನೆಂದು ಗುರುತಾಗಿದೆ. ಪಾಟೀಸವಾಲು ಮಾಡಿದವನು ಅಂದೇ ಸಂಜೆ ಬರೆಯಬೇಕು. "ಅಷ್ಟು ದೂರ" ಅಂತ ಬಿಟ್ಟು ಬಂದಿದ್ದ ಆ ಹುಡುಗ ಈಗ ಸಾಕ್ಷಿ ಸಹಿ ಹಾಕುವ ಮೊದಲೇ ಹೇಳಿಕೆಯನ್ನು ಓದಿ ನೋಡುತ್ತಾನೆ. ಹೋದ ತಿಂಗಳು ಒಂದು ಕಡೆ "ಇತ್ತು" ಎಂದು ಬಂದಿದ್ದನ್ನು ಎದ್ದು ನಿಂತು ತೋರಿಸಿದ. ನ್ಯಾಯಾಧೀಶರು ಸಾಕ್ಷಿಯನ್ನು ಇನ್ನೊಮ್ಮೆ ಕೇಳಿ "ಇರಲಿಲ್ಲ" ಎಂದು ತಿದ್ದಿಸಿದರು.