ಡ್ರೈವ್‌ನ ರೀಜನ್ ಬದಲಿಸುವ ಮುನ್ನ

ಒಂದು ಭಾಗದ ಡಿವಿಡಿ ಇನ್ನೊಂದು ಭಾಗದಲ್ಲಿ ಓಡದಂತೆ ಜಗತ್ತನ್ನು ವಿಂಗಡಿಸಿ ಡಿಸ್ಕಿಗೂ ಡ್ರೈವ್‌ಗೂ ಕೊಟ್ಟಿರುವ ಸಂಖ್ಯೆಯೇ ರೀಜನ್ ಕೋಡ್. ಡಿವಿಡಿ ಓಡದಿದ್ದರೆ ತಪ್ಪೆಲ್ಲ ಅದರದ್ದೇ ಎಂದು ತೀರ್ಮಾನಿಸಿ ಕಂಪ್ಯೂಟರಿನಲ್ಲಿ ಅದನ್ನು ಬದಲಿಸುತ್ತಾ ಹೋಗುವವರು ಬಹಳ. ಅಮೆರಿಕದ ಡಿಸ್ಕಿಗೆ 1, ಯೂರೋಪಿನದಕ್ಕೆ 2, ಭಾರತದ್ದು ನೋಡಬೇಕೆಂದಾಗ ಮತ್ತೆ 5. ಡ್ರೈವ್ ರಿಪೇರಿಗೆ ಬರುವ ಹೊತ್ತಿಗೆ ಉಳಿದಿರುವ ಬದಲಾವಣೆಗಳ ಸಂಖ್ಯೆ ಸೊನ್ನೆಗೆ ಬಂದಿರುತ್ತದೆ. ಜತೆಗೊಂದು ದೂರು: ‘ವಿಂಡೋಸ್ ಹೊಸದಾಗಿ ಹಾಕಿಸಿದೆ ಸಾರ್, ಆದರೂ ಸೊನ್ನೆಯೇ ತೋರಿಸ್ತಿದೆ.’ ತೋರಿಸಲೇಬೇಕು. ಆ ಲೆಕ್ಕ ವಿಂಡೋಸ್ ಹತ್ತಿರ ಇಲ್ಲವೇ ಇಲ್ಲ.

2000ದ ಜನವರಿಯಿಂದೀಚೆಗೆ ತಯಾರಾದ ಕಂಪ್ಯೂಟರ್ ಡಿವಿಡಿ ಡ್ರೈವ್‌ಗಳು ಆರ್‌ಪಿಸಿ-2 ಎಂಬ ಪದ್ಧತಿಯವು. ರೀಜನ್ ಯಾವುದು, ಇನ್ನೆಷ್ಟು ಸಲ ಬದಲಿಸಬಹುದು ಎಂಬುದು ಡ್ರೈವ್‌ನೊಳಗಿನ ಚಿಪ್‌ನಲ್ಲೇ ದಾಖಲಾಗಿರುತ್ತದೆ. ಫಾರ್ಮ್ಯಾಟ್ ಮಾಡಿ, ಹಾರ್ಡ್ ಡಿಸ್ಕ್ ಬದಲಿಸಿ, ಲಿನಕ್ಸ್ ಹಾಕಿ, ಡ್ರೈವ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿ, ಲೆಕ್ಕ ಡ್ರೈವ್ ಜತೆಗೇ ಹೋಗುತ್ತದೆ. ಬಳಕೆದಾರರಿಗೆ ಸಿಗುವುದು ಒಟ್ಟು ಐದು ಅವಕಾಶ. ಹೊಸ ಡ್ರೈವ್‌ಗೆ ಮೊದಲ ಸಲ ರೀಜನ್ ಕೊಡುವುದೂ ಆ ಐದರಲ್ಲೇ ಸೇರುತ್ತದೆ. ಇದನ್ನು ಹೇಳಿದರೆ ಜನ ನಂಬುವುದೇ ಇಲ್ಲ. ಐದೂ ಮುಗಿದ ಮೇಲೆ ಕೊನೆಗೆ ಇಟ್ಟಿದ್ದೇ ಕಾಯಂ. ತಯಾರಕರು ಎಣಿಕೆಯನ್ನು ಮತ್ತೆ ಮೊದಲಿನಂತೆ ಮಾಡಿಕೊಡಲು ಪದ್ಧತಿಯಲ್ಲಿ ಅವಕಾಶವಿದೆ, ಆದರೆ ಅದನ್ನು ನೆಚ್ಚಿ ಕೂರಬೇಡಿ.

ಹಾಗಾಗಿ ಮೊದಲು ಬರೀ ನೋಡಿ, ಏನನ್ನೂ ಬದಲಿಸಬೇಡಿ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆರೆದು, ಡಿವಿಡಿ ಡ್ರೈವ್‌ನ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋದರೆ ಡಿವಿಡಿ ರೀಜನ್ ಎಂಬ ಟ್ಯಾಬ್ ಇರುತ್ತದೆ. ಈಗಿನ ರೀಜನ್, ಉಳಿದ ಅವಕಾಶ ಎರಡೂ ಅಲ್ಲಿವೆ. ಒಂದು ಚೀಟಿಯಲ್ಲಿ ಬರೆದು ಡ್ರೈವ್ ಮೇಲೆ ಅಂಟಿಸಿದರೆ ಇನ್ನೂ ಒಳ್ಳೆಯದು. ಇನ್ನು ಡಿಸ್ಕ್ ಹಾಕಿದಾಗ ಪ್ಲೇಯರ್ ತಂತ್ರಾಂಶ ‘ರೀಜನ್ ಬದಲಿಸಲೇ?’ ಎಂದು ಕೇಳಿದರೆ ಓದದೆ ಓಕೆ ಒತ್ತಬೇಡಿ. ಅರ್ಧ ಅನಾಹುತ ನಡೆಯುವುದೇ ಆ ಒಂದು ಕ್ಲಿಕ್ಕಿನಲ್ಲಿ.

ದೋಷ ನಿಜಕ್ಕೂ ರೀಜನ್ನಿನದೇ? ಡಿಸ್ಕಿನ ಹಿಂಬದಿಯ ಕವರ್ ನೋಡಿ. ಭೂಗೋಳದ ಚಿತ್ರದೊಳಗೆ ಸಂಖ್ಯೆ ಇರುತ್ತದೆ: 1 ಅಮೆರಿಕ ಮತ್ತು ಕೆನಡಾ, 2 ಯೂರೋಪ್, ಜಪಾನ್, ದಕ್ಷಿಣ ಆಫ್ರಿಕಾ, 3 ಆಗ್ನೇಯ ಏಷ್ಯಾ, ದಕ್ಷಿಣ ಕೊರಿಯಾ, 4 ಆಸ್ಟ್ರೇಲಿಯಾ, ಲ್ಯಾಟಿನ್ ಅಮೆರಿಕ, 5 ಭಾರತ, ರಷ್ಯಾ, ಆಫ್ರಿಕಾದ ಬಹುಭಾಗ, 6 ಚೀನಾ. 0 ಅಥವಾ ಆಲ್ ಎಂದಿದ್ದರೆ ಬೀಗವೇ ಇಲ್ಲ. ಮದುವೆ ವಿಡಿಯೊದಂತೆ ಮನೆಯಲ್ಲೋ ಸ್ಟುಡಿಯೊದಲ್ಲೋ ಬರ್ನ್ ಮಾಡಿದ ಡಿಸ್ಕಿಗೂ ಸಾಮಾನ್ಯವಾಗಿ ರೀಜನ್ ಬೀಗ ಇರುವುದಿಲ್ಲ. ಅದು ಓಡದಿದ್ದರೆ ಫೈನಲೈಸ್ (ಬೇರೆ ಪ್ಲೇಯರುಗಳೂ ಓದುವಂತೆ ಬರ್ನಿಂಗ್ ಪೂರ್ಣಗೊಳಿಸುವುದು) ಮಾಡಿಲ್ಲ ಅಥವಾ ಡಿಸ್ಕ್ ಕೆಟ್ಟಿದೆ, ಅಷ್ಟೇ.

ಇನ್ನೊಂದು ಸುಲಭ ಪರೀಕ್ಷೆಯಿದೆ. ಡಿಸ್ಕನ್ನು ಕಂಪ್ಯೂಟರಿಗೆ ಹಾಕಿ ಪ್ಲೇ ಮಾಡದೆ ಫೋಲ್ಡರ್‌ನಂತೆ ತೆರೆಯಿರಿ. ವಿಡಿಯೊ_ಟಿಎಸ್ ಫೋಲ್ಡರ್ ಒಳಗೆ ದೊಡ್ಡದಾದ ವಿಒಬಿ ಫೈಲುಗಳ (ಚಿತ್ರ, ಧ್ವನಿ ಇರುವುದು ಇವುಗಳಲ್ಲೇ) ಪಟ್ಟಿ ಸಲೀಸಾಗಿ ಕಂಡರೆ ಲೆನ್ಸ್, ಡಿಸ್ಕ್ ಎರಡೂ ಬಹುಮಟ್ಟಿಗೆ ಸರಿಯಿವೆ ಎನ್ನಬಹುದು. ರೀಜನ್ ತಾಳೆಯಾಗದಾಗ ಡ್ರೈವ್ ಫೈಲುಗಳ ಪಟ್ಟಿಯನ್ನು ಬಚ್ಚಿಡುವುದಿಲ್ಲ. ಚಿತ್ರದ ಗೂಢಲಿಪಿ ಬಿಡಿಸುವ ಕೀಲಿಯನ್ನು ಮಾತ್ರ ಕೊಡುವುದಿಲ್ಲ. ಪಟ್ಟಿಯೇ ಬಾರದೆ ಡ್ರೈವ್ ಕರಕರ ಸದ್ದು ಮಾಡುತ್ತಾ ಸುತ್ತುತ್ತಿದ್ದರೆ ಗೀರು, ಧೂಳು ಅಥವಾ ದಣಿದ ಲೇಸರ್ ಕಾರಣ. ಇನ್ನು ವಿಂಡೋಸ್ 8ರಿಂದ ಡಿವಿಡಿ ನೋಡುವ ಸೌಲಭ್ಯವನ್ನೇ ಮೂಲ ವಿಂಡೋಸ್‌ನಿಂದ ತೆಗೆದಿದ್ದಾರೆ. ಯಾವ ಡಿಸ್ಕೂ ಓಡುತ್ತಿಲ್ಲವೆಂದರೆ ಬೇಕಿರುವುದು ಬೇರೆ ಪ್ಲೇಯರ್ ತಂತ್ರಾಂಶ.

ಟಿವಿಗೆ ಜೋಡಿಸುವ ಪ್ಲೇಯರಿನಲ್ಲಿ ಚಿತ್ರ ಕಪ್ಪು-ಬಿಳುಪಾಗಿ ಬಂದರೆ ಅಥವಾ ಮೇಲಕ್ಕೆ ಉರುಳುತ್ತಿದ್ದರೆ ಅದೂ ರೀಜನ್ ಅಲ್ಲ, ಪಾಲ್ ಮತ್ತು ಎನ್‌ಟಿಎಸ್‌ಸಿ ಎಂಬ ಎರಡು ಟಿವಿ ಚಿತ್ರ ಪದ್ಧತಿಗಳ ಜಗಳ. ಪಾಲ್‌ನಲ್ಲಿ 576 ಗೆರೆ, ಸೆಕೆಂಡಿಗೆ 25 ಚೌಕಟ್ಟು. ಎನ್‌ಟಿಎಸ್‌ಸಿಯಲ್ಲಿ 480 ಗೆರೆ, ಸುಮಾರು 30 ಚೌಕಟ್ಟು. ಜಪಾನ್ ಮತ್ತು ಯೂರೋಪ್ ಎರಡೂ ರೀಜನ್ 2 ಆದರೂ ಜಪಾನಿನದು ಎನ್‌ಟಿಎಸ್‌ಸಿ, ಯೂರೋಪಿನದು ಪಾಲ್. ಪ್ಲೇಯರಿನ ಸೆಟಪ್ ಮೆನುವಿನಲ್ಲಿ ಟಿವಿ ಟೈಪ್ ಅನ್ನು ಆಟೋ ಅಥವಾ ಮಲ್ಟಿಗೆ ಇಟ್ಟು ನೋಡಿ. ಕಂಪ್ಯೂಟರಿನಲ್ಲಿ ಈ ತೊಂದರೆ ಇಲ್ಲ.

ಇಷ್ಟೆಲ್ಲ ನೋಡಿದ ಮೇಲೂ ರೀಜನ್ನೇ ಅಡ್ಡಿಯೆಂದು ಖಚಿತವಾದರೆ, ಎರಡು ದೇಶಗಳ ಡಿಸ್ಕುಗಳನ್ನು ನಿತ್ಯ ನೋಡುವವರಿಗೆ ನನ್ನ ಸಲಹೆ ಒಂದೇ: ಇನ್ನೊಂದು ಯುಎಸ್‌ಬಿ ಡ್ರೈವ್ ತಂದು ಅದನ್ನು ಎರಡನೆಯ ರೀಜನ್ನಿಗೆ ಒಮ್ಮೆ ಹೊಂದಿಸಿ, ಆಮೇಲೆ ಮುಟ್ಟಬೇಡಿ. ವಿಎಲ್‌ಸಿ ಎಂಬ ಪ್ಲೇಯರ್ ತಂತ್ರಾಂಶ ಡ್ರೈವ್‌ನ ರೀಜನ್ ನೆಚ್ಚದೆ ಕೀಲಿಯನ್ನು ತಾನೇ ಲೆಕ್ಕಹಾಕಿ ತೆಗೆಯಲು ಯತ್ನಿಸುತ್ತದೆ. ಹಾಗಾಗಿ ಡಿಸ್ಕ್ ತೆರೆಯುವುದು ನಿಧಾನವಾಗಬಹುದು. ಆದರೆ ಕೆಲವು ಡ್ರೈವ್‌ಗಳು, ಲ್ಯಾಪ್‌ಟಾಪಿನವು ವಿಶೇಷವಾಗಿ, ರೀಜನ್ ತಾಳೆಯಾಗದಿದ್ದರೆ ಚಿತ್ರದ ದತ್ತಾಂಶವನ್ನೇ ಓದಗೊಡುವುದಿಲ್ಲ. ಗೂಢಲಿಪಿ ಮುರಿಯುವುದು ಅಮೆರಿಕ ಸೇರಿದಂತೆ ಕೆಲವೆಡೆ ಕಾನೂನಿನ ತೊಡಕಿಗೆ ಸಿಕ್ಕುವ ವಿಷಯ, ನಿಮ್ಮಲ್ಲಿಯ ನಿಯಮ ತಿಳಿದುಕೊಳ್ಳಿ.

ಟಿವಿ ಪ್ಲೇಯರುಗಳಲ್ಲಿ ಕೆಲವನ್ನು ಟ್ರೇ ತೆರೆದಿಟ್ಟು ರಿಮೋಟಿನಲ್ಲಿ ಅಂಕಿಗಳನ್ನೊತ್ತಿ ಎಲ್ಲ ರೀಜನ್ನಿಗೂ ತೆರೆಯಬಹುದು. ಅಂಕಿಗಳು ಮಾದರಿಯಿಂದ ಮಾದರಿಗೆ ಬೇರೆ, ಊಹಿಸಿ ಒತ್ತಬೇಡಿ. ಹಾಗೆ ತೆರೆದ ಪ್ಲೇಯರಿನಲ್ಲೂ ರೀಜನ್ 1ರ ಕೆಲವು ಡಿಸ್ಕುಗಳು ಭೂಪಟದ ಚಿತ್ರದೊಂದಿಗೆ ಎಚ್ಚರಿಕೆ ತೋರಿಸಿ ನಿಂತುಬಿಡುತ್ತವೆ. ಅವು ಆರ್‌ಸಿಇ ಇರುವ ಡಿಸ್ಕುಗಳು: ಪ್ಲೇಯರ್ ಯಾವ ರೀಜನ್ನಿನದೆಂದು ಡಿಸ್ಕೇ ವಿಚಾರಿಸುತ್ತದೆ, 0 ಎಂಬ ಉತ್ತರವನ್ನು ಒಪ್ಪುವುದಿಲ್ಲ. ಆಗ ಪ್ಲೇಯರನ್ನು 0ಯಿಂದ ತೆಗೆದು ಕೈಯಾರೆ 1ಕ್ಕೆ ಇಟ್ಟರೆ ಸಾಮಾನ್ಯವಾಗಿ ಓಡುತ್ತದೆ. ಅದಕ್ಕಾಗಿ ಕಂಪ್ಯೂಟರ್ ಡ್ರೈವ್‌ನ ಅವಕಾಶವನ್ನು ಮಾತ್ರ ವ್ಯಯ ಮಾಡಬೇಡಿ.